ಒಂದೇ ಹೆಸರಿನ ಎರಡು ಡಬ್ಬಿ

ಕೆಟ್ಟದ್ದನ್ನು ಸರಿ ಮಾಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಕೂಲಿ ಸಿಗುತ್ತದೆ, ಮರ್ಯಾದೆ ಸಿಗುತ್ತದೆ, ಬೇಸಿಗೆಯಲ್ಲಾದರೆ ಒಂದು ಲೋಟ ಮಜ್ಜಿಗೆಯೂ ಸಿಗುತ್ತದೆ. ಕೆಡದೆ ಇರುವುದನ್ನು ಸರಿ ಮಾಡುವವರದು ಬೇರೆ ಪಂಗಡ. ಅವರಿಗೆ ಇದಾವುದೂ ಸಿಗುವುದಿಲ್ಲ. ಆದರೂ ಅವರು ಬಿಡುವುದಿಲ್ಲ. ನಾನು ಈ ಎರಡನೆಯ ಪಂಗಡದವನು. ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕದೆ ಇದ್ದರೂ, ಇನ್ನೇನು ತೊಟ್ಟಿಕ್ಕಬಹುದು ಅನ್ನಿಸಿ ಒಮ್ಮೆ ಬಿಗಿ ಮಾಡುತ್ತೇನೆ. ಆಮೇಲೆ ಅದು ನಿಜವಾಗಿಯೂ ತೊಟ್ಟಿಕ್ಕುತ್ತದೆ. ಮನೆಯ ಮಿಕ್ಸಿ ಸದ್ದು ಜಾಸ್ತಿ ಮಾಡುತ್ತಿದೆ ಎಂದು ಒಂದು ದಿನ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಜೋಡಿಸಿದೆ. ಸದ್ದು ನಿಂತಿತು. ತಿರುಗುವುದೂ ನಿಂತಿತು. ಜೋಡಿಸಿದ ಮೇಲೆ ಕೈಯಲ್ಲಿ ಮಿಕ್ಕಿದ ಸ್ಕ್ರೂಗಳು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿ ಇವೆ. ಇಂಥವನ್ನೆಲ್ಲ ನಾನು ನಾಲ್ಕು ಜನರ ಮುಂದೆ ನಗುತ್ತಲೇ ಹೇಳಿಕೊಂಡು ಬಂದಿದ್ದೇನೆ. ಈಗ ಹೇಳಲು ಹೊರಟಿರುವುದನ್ನು ಮಾತ್ರ ಅಷ್ಟು ನಗುತ್ತ ಹೇಳಲು ಆಗುತ್ತಿಲ್ಲ. ಪ್ರಯತ್ನ ಮಾಡುತ್ತೇನೆ.

ನನಗೆ ಈ ರೋಗ ಅಂಟಿದ್ದು ಆಫೀಸಿನಲ್ಲಿ. ಚೆನ್ನೈಯನ್ನು ಎಲ್ಲರೂ ಮದ್ರಾಸು ಎನ್ನುತ್ತಿದ್ದ ಕಾಲದಲ್ಲಿ ವಿಮಾ ಕಂಪನಿಯ ಕೆಲಸಕ್ಕೆಂದು ಮಂಡ್ಯದ ಕಡೆಯಿಂದ ಬಂದವನು, ಕ್ರೋಂಪೇಟೆಯಲ್ಲಿ ಎಲೆಕ್ಟ್ರಿಕ್ ಟ್ರೈನಿನ ಸದ್ದು ಕೇಳುವಷ್ಟು ಹತ್ತಿರ ಒಂದು ಫ್ಲ್ಯಾಟು ಮಾಡಿಕೊಂಡು ಇಲ್ಲೇ ರಿಟೈರೂ ಆದೆ. ಆಫೀಸಿಗೆ ಮೊದಲ ಕಂಪ್ಯೂಟರು ಬಂದಾಗ ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಾಗಿತ್ತು. ಒಳಗೆ ಎ.ಸಿ. ಇತ್ತು. ಮ್ಯಾನೇಜರಿಗೇ ಇಲ್ಲದ ಎ.ಸಿ.! ಆ ಆಸೆಗೇ ನಾನು ಟ್ರೇನಿಂಗಿಗೆ ಹೆಸರು ಕೊಟ್ಟದ್ದು. ಆಗ ಮೌಸ್ ಇರಲಿಲ್ಲ, ಚಿತ್ರ ಇರಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಏನು ಬೇಕೋ ಅದನ್ನು ಒಂದು ಸಾಲಿನಲ್ಲಿ ಬರೆದು ಎಂಟರ್ ಒತ್ತಿದರೆ ಯಂತ್ರ ಎದುರು ಮಾತಾಡದೆ ಮಾಡುತ್ತಿತ್ತು. ಅದನ್ನೇ ಕಮಾಂಡ್ ಎನ್ನುತ್ತಾರೆ. ಮನೆಯಲ್ಲಿಯೂ ಆಫೀಸಿನಲ್ಲಿಯೂ ಯಾರೂ ನನ್ನ ಮಾತು ಕೇಳದೆ ಇದ್ದ ಆ ದಿನಗಳಲ್ಲಿ, ನಾನು ಅಂದದ್ದನ್ನು ಚಾಚೂ ತಪ್ಪದೆ ಮಾಡುವ ಒಂದು ವಸ್ತು ಸಿಕ್ಕಿತಲ್ಲ ಎಂದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ಕಪ್ಪು ಪರದೆ ಈಗಿನ ಲ್ಯಾಪ್‌ಟಾಪುಗಳಲ್ಲಿಯೂ ಒಳಗೆಲ್ಲೋ ಇದೆ. ಯಾರೂ ತೆರೆಯುವುದಿಲ್ಲ. ನಾನು ತೆರೆಯುತ್ತೇನೆ. ಯಾರಾದರೂ ನೆಂಟರು ಮನೆಗೆ ಬಂದಾಗ ಸ್ವಲ್ಪ ಬೇಗ ತೆರೆಯುತ್ತೇನೆ.

ನನ್ನ ಹೆಂಡತಿ ವಿಶಾಲಾಕ್ಷಿಗೆ ಕಂಪ್ಯೂಟರಿನ ಮೇಲೆ ಭಕ್ತಿಯೂ ಇಲ್ಲ, ಭಯವೂ ಇಲ್ಲ. ಅವಳಿಗೆ ಅದು ಅಡುಗೆಮನೆಯ ಇನ್ನೊಂದು ಶೆಲ್ಫು. ಈ ಶೆಲ್ಫಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಅದು ಗೊತ್ತಿಲ್ಲದೆ ಇದ್ದುದರಿಂದಲೇ ನಾನು ಕೆಟ್ಟೆ. ಗೊತ್ತಿಲ್ಲ ಎಂದರೆ ತಪ್ಪಾಗುತ್ತದೆ. ಮದುವೆಯಾದಾಗಿನಿಂದ ನೋಡಿದ್ದೇನೆ, ಗಮನಿಸಿರಲಿಲ್ಲ. ನಮ್ಮ ಮನೆಯಲ್ಲಿ ಪ್ರತಿಯೊಂದು ಪುಡಿಗೂ ಎರಡು ಡಬ್ಬಿ. ಎರಡರ ಮೇಲೂ ಒಂದೇ ಚೀಟಿ: ಹುಳಿಪುಡಿ, ಹುಳಿಪುಡಿ. ಖಾರದಪುಡಿ, ಖಾರದಪುಡಿ. ಮುಂದಿನ ಸಾಲಿನಲ್ಲಿ ಇರುವುದು ಇಲ್ಲಿ ಚೆನ್ನೈಯಲ್ಲಿ ಮಿಲ್ಲಿಗೆ ಹಾಕಿಸಿದ್ದು. ಅದು ದಿನದ ಬಳಕೆಗೆ, ಬಂದುಹೋದವರಿಗೆ, ಕೇಳಿದ ಪಕ್ಕದ ಮನೆಯವರಿಗೆ. ಅದರ ಹಿಂದೆ, ಕೈ ಹಾಕಿದರೆ ಮಾತ್ರ ಸಿಗುವ ಹಾಗೆ ಇರುವುದು ಅವಳ ಅಕ್ಕ ಕೊಳ್ಳೇಗಾಲದಿಂದ ಕಳಿಸಿದ್ದು. ಅದು ನಮಗೆ. ಎರಡಕ್ಕೂ ಒಂದೇ ಹೆಸರು ಯಾಕೆ, ಒಂದಕ್ಕೆ 'ಅಕ್ಕ' ಎಂದು ಬರೆಯಬಾರದೇ ಎಂದು ನಾನು ಒಮ್ಮೆ ಕೇಳಿದ್ದೆ. ಹುಳಿಪುಡಿಗೆ ಹುಳಿಪುಡಿ ಅಂತಲ್ಲದೆ ಇನ್ನೇನು ಬರೆಯುವುದು ಎಂದು ಅವಳು ನನ್ನನ್ನೇ ಕೇಳಿದಳು.

ಅಕ್ಕ ಎಂದರೆ ಸರೋಜಕ್ಕ. ವಿಶಾಲುವಿಗಿಂತ ಎಷ್ಟೋ ವರ್ಷ ದೊಡ್ಡವರು, ಅವಳನ್ನು ಎತ್ತಿ ಆಡಿಸಿ ಬೆಳೆಸಿದವರು. ನನಗೆ ಅತ್ತಿಗೆಯಾಗಬೇಕು, ಆದರೆ ಊರಿಗೆಲ್ಲ ಅಕ್ಕನಾದವರನ್ನು ನಾನೊಬ್ಬ ಅತ್ತಿಗೆ ಎನ್ನುವುದು ಏನು ಚೆನ್ನ ಎಂದು ನಾನೂ ಅಕ್ಕ ಎಂದೇ ಕರೆದೆ. ಚೆನ್ನೈಗೆ ಅವರು ಬಂದದ್ದು ಕಡಿಮೆ. ಒಮ್ಮೆ ಬಂದಾಗ ಕೋಡಂಬಾಕ್ಕಂ ನೋಡಲೇಬೇಕು ಎಂದು ಹಟ ಹಿಡಿದರು. ಅವರು ಹುಡುಗಿಯಾಗಿದ್ದಾಗ ಕನ್ನಡ ಸಿನಿಮಾ ತೆಗೆಯುತ್ತಿದ್ದದ್ದು ಅಲ್ಲೇ ಅಂತೆ, ಪೇಪರಿನಲ್ಲಿ ಓದಿದ್ದರಂತೆ. ಬಿಸಿಲಲ್ಲಿ ಕರೆದುಕೊಂಡು ಹೋದೆ. ಸ್ಟುಡಿಯೋ ಇದ್ದ ಜಾಗದಲ್ಲಿ ದೊಡ್ಡ ಅಪಾರ್ಟ್‌ಮೆಂಟು ನಿಂತಿತ್ತು. ಅಕ್ಕ ಅದರ ಗೇಟನ್ನೇ ಬಹಳ ಹೊತ್ತು ನೋಡಿದರು. ವಾಚ್‌ಮನ್ ಬಂದು ಯಾರು ಬೇಕು ಎಂದು ತಮಿಳಿನಲ್ಲಿ ಕೇಳಿದ. ಅಕ್ಕ ಅಪ್ಪಟ ಕೊಳ್ಳೇಗಾಲದ ಕನ್ನಡದಲ್ಲಿ ಅವನಿಗೆ ಹಳೆಯ ಹೀರೋಗಳ ವಿಷಯ ಹೇಳಲು ಶುರು ಮಾಡಿದರು. ಅವನು ಕುರ್ಚಿ ತಂದು ಹಾಕಿದ. ಒಬ್ಬರ ಭಾಷೆ ಒಬ್ಬರಿಗೆ ಬರದು, ಆದರೂ ಮಾತು ಮುಗಿಯಲು ಒಂದು ಗಂಟೆಯಾಯಿತು. ಅಕ್ಕನ ಬಾಯಿಗೆ ಸಿಕ್ಕಿದ ಯಾರಿಗೂ ಅದಕ್ಕಿಂತ ಬೇಗ ಬಿಡುಗಡೆ ಇರಲಿಲ್ಲ.

ದಿನವೂ ಬೆಳಗಿನ ಅಡುಗೆ ಮುಗಿದ ಮೇಲೆ ಅಕ್ಕತಂಗಿಯರ ಫೋನು. ನಮ್ಮ ಮಗಳು ಕಾವ್ಯ ಮದುವೆಯಾಗಿ ಎಣ್ಣೂರಿನ ಕಡೆ ಮನೆ ಮಾಡಿದಾಗ ವಿಶಾಲುವಿಗೆ ಒಂದು ಯೋಚನೆ ಬಂತು. ಕಾವ್ಯ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು. ಅಳಿಯ ತಮಿಳಿನವನು, ಬಂಗಾರದಂಥ ಹುಡುಗ, ಆದರೆ ಬಸ್ಸಾರನ್ನು ರಸಂ ಎನ್ನುತ್ತಾನೆ. ಈ ಸಂಸಾರದಲ್ಲಿ ಅಕ್ಕನ ಕೈ ಅಡುಗೆ ನಿಂತುಹೋಗಬಾರದು ಎಂದು, ಫೋನಿನಲ್ಲಿ ಅಕ್ಕ ಹೇಳುವ ಅಡುಗೆಯನ್ನೆಲ್ಲ ವಿಶಾಲು ರೆಕಾರ್ಡ್ ಮಾಡತೊಡಗಿದಳು. ಆದರೆ ಅಕ್ಕ ಅಡುಗೆ ಹೇಳುವುದೆಂದರೆ ಹೇಗೆ? ಉಪ್ಸಾರಿಗೆ ಬೇಳೆ ತೊಳೆಯುವಷ್ಟರಲ್ಲಿ ಎದುರು ಮನೆಯವರ ಸೊಸೆ ಬರುತ್ತಾಳೆ, ಬೇಳೆ ಬೇಯುವಷ್ಟರಲ್ಲಿ ಅವಳ ಅತ್ತೆ ಬರುತ್ತಾರೆ, ಖಾರ ರುಬ್ಬುವ ಹೊತ್ತಿಗೆ ಇಬ್ಬರಿಗೂ ಜಗಳವಾಗಿ ಅವರವರ ದಾರಿ ಹಿಡಿದಿರುತ್ತಾರೆ. ಒಂದು ಸಾರಿಗೆ ಮುಕ್ಕಾಲು ಗಂಟೆ. ಹೀಗೆ ಒಂದೊಂದು ಅಡುಗೆಗೂ ಲ್ಯಾಪ್‌ಟಾಪಿನಲ್ಲಿ ಒಂದೊಂದು ಫೋಲ್ಡರ್ ಆಯಿತು. ಒಳಗೆ ಒಂದು, ಎರಡು, ಮೂರು ಎಂದು ರೆಕಾರ್ಡಿಂಗು. ಅಷ್ಟರಲ್ಲಿ ಕಳೆದ ವರ್ಷ ಅಕ್ಕ ಹೋಗಿಬಿಟ್ಟರು. ಜ್ವರ ಎಂದರು, ಆಸ್ಪತ್ರೆ ಎಂದರು, ನಾವು ಬಸ್ಸು ಹತ್ತಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಿಂದಿನ ಸಾಲಿನ ಡಬ್ಬಿಗಳಲ್ಲಿ ಪುಡಿ ಆಮೇಲೂ ಕೆಲವು ದಿನ ಬಂತು. ವಿಶಾಲು ಅದನ್ನು ಚಮಚದ ತುದಿಯಲ್ಲಿ ತೆಗೆದು ಬಳಸುತ್ತಿದ್ದಳು.

ಇನ್ನು ಮುಂದಿನದು ನನಗೆ ತಡವಾಗಿ ತಿಳಿದದ್ದು. ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಅಕ್ಕ ಹೋದ ಮೇಲೆ ವಿಶಾಲು ಮಗಳಿಗೆ ಕೊಡಲೆಂದು ಆ ರೆಕಾರ್ಡಿಂಗುಗಳ ಪ್ರತಿ ಮಾಡಿ, ಅವುಗಳಿಂದ ಹರಟೆಯನ್ನೆಲ್ಲ ಕತ್ತರಿಸಿ ಅಡುಗೆಯನ್ನಷ್ಟೇ ಉಳಿಸಿದಳು. ಅವಳ ಲೆಕ್ಕದಲ್ಲಿ ಇದು ಮುಂದಿನ ಸಾಲಿನ ಡಬ್ಬಿ. ಪೂರ್ತಿ ಮಾತುಕತೆ ಇರುವುದು ಹಿಂದಿನ ಸಾಲಿನದು, ಅದು ಅವಳಿಗೆ. ಎರಡಕ್ಕೂ ಬಸ್ಸಾರು ಎಂದೇ ಹೆಸರಿಡಲು ಹೋದಳು. ಈ ಹೆಸರಿನ ಫೋಲ್ಡರ್ ಆಗಲೇ ಇದೆ, ಬೇರೆ ಹೆಸರು ಕೊಡಿ ಎಂದಿತು ಯಂತ್ರ. ಬಸ್ಸಾರಿಗೆ ಬಸ್ಸಾರು ಅಂತಲ್ಲದೆ ಇನ್ನೇನು ಬರೆಯುವುದು? ಅವಳ ಭಜನಾ ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ತಮಾಷೆಗೆ ಖಾಲಿ ಮೆಸೇಜು ಕಳಿಸುವ ಉಪಾಯ ಹಾಕಿದ್ದರಂತೆ. ಕಣ್ಣಿಗೆ ಕಾಣದ ಒಂದು ಅಕ್ಷರ. ಕಾಪಿ ಮಾಡಿ ಎಲ್ಲಿ ಬೇಕಾದರೂ ಅಂಟಿಸಬಹುದು. ವಿಶಾಲು ಅದನ್ನು ತಂದು ಹೊಸ ಬಸ್ಸಾರಿನ ಕೊನೆಗೆ ಅಂಟಿಸಿದಳು. ಯಂತ್ರ ಸುಮ್ಮನಾಯಿತು. ಪಲ್ಲಾವರಂ ಸಂತೆಯಲ್ಲಿ ಚೌಕಾಸಿ ಮಾಡಿ ಗೆದ್ದ ಅನುಭವ ಇರುವವಳಿಗೆ ಇದೇನು ದೊಡ್ಡದಲ್ಲ. ಎಲ್ಲ ಅಡುಗೆಗೂ ಹಾಗೆಯೇ ಮಾಡಿದಳು. ನನಗೆ ಹೇಳಲಿಲ್ಲ. ಹೇಳಿದ್ದರೆ ನಾನು ಹಾಗೆಲ್ಲ ಮಾಡಬಾರದು ಎಂದು ಅರ್ಧ ಗಂಟೆ ಪಾಠ ಮಾಡುತ್ತಿದ್ದೆ ಎನ್ನುವುದು ಅವಳಿಗೆ ಗೊತ್ತು.

ಆಮೇಲೆ ದಿನವೂ ಅಡುಗೆ ಮುಗಿಸಿ, ಹಿಂದೆ ಅಕ್ಕನಿಗೆ ಫೋನು ಮಾಡುತ್ತಿದ್ದ ಅದೇ ಹೊತ್ತಿಗೆ, ಇಯರ್‌ಫೋನ್ ಹಾಕಿಕೊಂಡು ಅವಳು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು. ನಾನು ಪೇಪರು ಓದುತ್ತ ನೋಡುತ್ತಿದ್ದೆ. ಒಮ್ಮೊಮ್ಮೆ ತನಗೆ ತಾನೇ ನಗುತ್ತಿದ್ದಳು, ಒಮ್ಮೊಮ್ಮೆ ಹೂಂ ಎನ್ನುತ್ತಿದ್ದಳು. ಮಾಡಿದ ಅಡುಗೆಯನ್ನೇ ಮತ್ತೆ ಮತ್ತೆ ಯಾಕೆ ಕೇಳುತ್ತಾಳೆ, ಉಪ್ಪು ಹಾಕುವುದನ್ನು ಕೇಳಿ ಯಾರಾದರೂ ನಗುತ್ತಾರೆಯೇ ಎಂದು ನನಗೆ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಪೇಪರಿನಲ್ಲಿ ಕ್ರಿಕೆಟ್ ಇತ್ತು.

ಈಗ ನನ್ನ ಪರಾಕ್ರಮಕ್ಕೆ ಬರುತ್ತೇನೆ. ಮನೆಯ ಫೋಟೋ, ದಾಖಲೆ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಡುವ ಬ್ಯಾಕಪ್ ಎಂಬ ವ್ರತವೊಂದನ್ನು ನಾನು ಕೆಲವು ತಿಂಗಳ ಹಿಂದೆಯಷ್ಟೇ ಹಿಡಿದಿದ್ದೆ. ಬ್ಯಾಕಪ್ ಇಲ್ಲದ ಮನುಷ್ಯನ ಗತಿ ಏನು ಎಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಕೆಲವರು ಈಗ ಮೆಟ್ಟಿಲು ಹತ್ತುತ್ತಾರೆ. ಇಂಥ ನನ್ನ ಬ್ಯಾಕಪ್ಪು ಮೊದಲ ದಿನದಿಂದಲೇ 'ವಿಶಾಲು ಅಡುಗೆ' ಎಂಬ ಫೋಲ್ಡರಿನ ಬಾಗಿಲಿಗೆ ಬಂದ ಕೂಡಲೇ ಮುಷ್ಕರ ಹೂಡುತ್ತಿತ್ತು. ಹೆಸರಿನಲ್ಲಿ ಸಲ್ಲದ ಅಕ್ಷರ ಇದೆ, ಇದನ್ನು ಬಿಟ್ಟು ಮುಂದೆ ಹೋಗಲೇ ಎನ್ನುತ್ತಿತ್ತು. ಅಡುಗೆ ತಾನೇ ಎಂದು ನಾನು ಹೋಗು ಎನ್ನುತ್ತಿದ್ದೆ. ಒಂದು ಭಾನುವಾರ ವಿಶಾಲು ಮಗಳ ಮನೆಗೆಂದು ಒಂದು ಟ್ರೈನು ಇಳಿದು ಇನ್ನೊಂದು ಹತ್ತಿ ಎಣ್ಣೂರಿಗೆ ಹೋಗಿದ್ದಳು. ಮಧ್ಯಾಹ್ನ ನನಗೆ ಕೆಲಸವಿರಲಿಲ್ಲ. ನನಗೆ ಕೆಲಸವಿಲ್ಲದೆ ಇರುವುದು ನಮ್ಮ ಮನೆಯ ವಸ್ತುಗಳಿಗೆ ಒಳ್ಳೆಯದಲ್ಲ.

ಫೋಲ್ಡರ್ ತೆರೆದೆ. ಬಸ್ಸಾರು, ಬಸ್ಸಾರು. ಉಪ್ಸಾರು, ಉಪ್ಸಾರು. ತಂಬಿಟ್ಟು, ತಂಬಿಟ್ಟು. ನನ್ನ ಮೈಯೆಲ್ಲ ಉರಿಯಿತು. ಒಂದು ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರುವುದು ಸಾಧ್ಯವೇ ಇಲ್ಲ. ಚಪ್ಪಲಿ ಬಿಟ್ಟು ಎ.ಸಿ. ಕೋಣೆಗೆ ಹೋಗಿ ಮೊದಲ ದಿನ ಕಲಿತ ಪಾಠವೇ ಅದು. ಇದು ನನ್ನ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ, ನನ್ನ ಕಣ್ಣೆದುರು ನಡೆದಿದೆ! ಕಪ್ಪು ಪರದೆ ತೆರೆದೆ. ಹೆಸರಿನ ಒಂದೊಂದು ಅಕ್ಷರವನ್ನೂ ಅದರ ಸಂಕೇತದ ಸಮೇತ ತೋರಿಸು ಎಂದು ಕಮಾಂಡ್ ಕೊಟ್ಟೆ. ನಮ್ಮ ಕನ್ನಡಕ್ಕೆ ಸಂಕೇತಗಳು ಸಾಲುಸಾಲಾಗಿ ಬಂದವು. ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, ಒಂದು ಬಸ್ಸಾರಿನ ಕೆಳಗೆ ಇನ್ನೊಂದು ಬಸ್ಸಾರನ್ನು ಇಟ್ಟು ಹೋಲಿಸುತ್ತ ಬಂದೆ. ಎರಡನೆಯದರ ಬಾಲದಲ್ಲಿ ಒಂದು ಸಂಕೇತ ಜಾಸ್ತಿ ಇತ್ತು. ಕಳ್ಳ ಸಿಕ್ಕಿಬಿದ್ದ. ಕಾಣದ ಅಕ್ಷರ! ಇದೆಲ್ಲೋ ಇಂಟರ್‌ನೆಟ್ಟಿನಿಂದ ಅಂಟಿಕೊಂಡ ಕೊಳೆ ಎಂದು ತೀರ್ಮಾನಿಸಿದೆ. ಒಳಗೆ ಇಣುಕಿದರೆ ಎರಡೂ ಒಂದು, ಎರಡು, ಮೂರು ಎಂದೇ ಶುರುವಾಗುತ್ತಿದ್ದವು. ಅಂದರೆ ಒಂದೇ ವಸ್ತು ಎರಡೆರಡು ಸಲ ಬಂದು ಕೂತಿದೆ. ಪಾಪ, ವಿಶಾಲು ಗೊತ್ತಿಲ್ಲದೆ ಎರಡು ಸಲ ಕಾಪಿ ಮಾಡಿದ್ದಾಳೆ ಎಂದುಕೊಂಡೆ. ಆ 'ಪಾಪ'ವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಒಂದು ಫೈಲನ್ನಾದರೂ ತೆರೆದು ಕೇಳಿದ್ದರೆ ಸಾಕಿತ್ತು. ಅದರ ಗಾತ್ರ ನೋಡಿದ್ದರೂ ಸಾಕಿತ್ತು. ಆದರೆ ನಾನು ಹೆಸರು ಸರಿ ಮಾಡಲು ಕೂತವನು. ಒಳಗಿರುವುದು ನನ್ನ ವಿಷಯವಾಗಿರಲಿಲ್ಲ.

ಕಾಣದ ಅಕ್ಷರ ಕಿತ್ತುಹಾಕಿ, ಆ ಫೋಲ್ಡರಿನಲ್ಲಿ ಇರುವುದನ್ನು ಸರಿಯಾದ ಹೆಸರಿನ ಫೋಲ್ಡರಿಗೆ ಸಾಗಿಸು ಎಂದು ಒಂದು ಚಂದದ ಸಾಲು ಬರೆದೆ. ಯಂತ್ರ ಕೇಳಿತು: ಒಂದು ಎಂಬ ಫೈಲು ಅಲ್ಲಿ ಆಗಲೇ ಇದೆ, ಅದನ್ನು ಅಳಿಸಿ ಇದನ್ನು ಇಡಲೇ? ಇಡು. ಎರಡು ಎಂಬ ಫೈಲು ಆಗಲೇ ಇದೆ, ಇಡಲೇ? ಇಡಯ್ಯ. ಮೂರು ಆಗಲೇ ಇದೆ. ನನಗೆ ರೇಗಿತು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಕೂಡ ನನ್ನನ್ನು ಇಷ್ಟು ಪ್ರಶ್ನೆ ಕೇಳಿಲ್ಲ. ಕಮಾಂಡಿಗೆ ಒಂದು ಸಣ್ಣ ಅಕ್ಷರ ಸೇರಿಸಿದರೆ, ಏನನ್ನೂ ಕೇಳದೆ ಹೇಳಿದ್ದು ಮಾಡು ಎಂದು ಅರ್ಥ. ಅದನ್ನು ಸೇರಿಸಿ ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿಯಿತು. ಬಸ್ಸಾರು ಒಂದು, ಉಪ್ಸಾರು ಒಂದು, ತಂಬಿಟ್ಟು ಒಂದು. ಬ್ಯಾಕಪ್ ಹಾಕಿದೆ, ಎಲ್ಲಿಯೂ ನಿಲ್ಲದೆ ಸರಾಗವಾಗಿ ಓಡಿತು. ನಾನೇ ಎದ್ದು ಹೋಗಿ ಒಂದು ಕಾಫಿ ಮಾಡಿಕೊಂಡು ಕುಡಿದೆ. ಅಷ್ಟು ರುಚಿಯಾದ ಕಾಫಿಯನ್ನು ನಾನು ಮಾಡಿದ್ದೇ ಇಲ್ಲ.

ಸಂಜೆ ವಿಶಾಲು ಬಂದಾಗ ಹೇಳಲು ಬಾಯಿ ತುರಿಸುತ್ತಿತ್ತು, ಆದರೆ ಅವಳು ಬೆವೆತು ಸುಸ್ತಾಗಿ ಬಂದಿದ್ದಳು. ಮಗಳು, ಅಳಿಯ, ಅವರ ಮನೆಯ ಹತ್ತಿರದ ಪವರ್ ಸ್ಟೇಷನ್ನಿನ ಬೂದಿ ಬಟ್ಟೆಯ ಮೇಲೆ ಕೂರುವುದು, ಇವೆಲ್ಲ ಮಾತಾದವು. ನನ್ನ ಸಾಹಸ ಮರುದಿನಕ್ಕೆ ಉಳಿಯಿತು. ಮರುದಿನ ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಇಯರ್‌ಫೋನ್ ಹಾಕಿಕೊಂಡು ಕೂತವಳು ಸ್ವಲ್ಪ ಹೊತ್ತಿಗೆ ಅದನ್ನು ಕಿತ್ತಿಟ್ಟಳು. ಮತ್ತೆ ಹಾಕಿಕೊಂಡಳು. ಮತ್ತೆ ಕಿತ್ತಳು. ಆಮೇಲೆ ನನ್ನ ಕಡೆ ತಿರುಗಿದಳು.

"ರೀ, ಅಕ್ಕ ಎಲ್ಲಿ?"

ನನಗೆ ಅರ್ಥವಾಗಲಿಲ್ಲ. ಅಲ್ಲೇ ಇದ್ದಾರಲ್ಲ, ಫೋಲ್ಡರಿನಲ್ಲಿ, ಈಗ ಎಲ್ಲ ಸರಿ ಮಾಡಿದ್ದೇನೆ ಎಂದು ಪೇಪರು ಮಡಿಸಿ, ಕಾಣದ ಅಕ್ಷರದ ಪತ್ತೇದಾರಿಯನ್ನೆಲ್ಲ ಹುಮ್ಮಸ್ಸಿನಿಂದ ವಿವರಿಸಿದೆ. ಸಂಕೇತವನ್ನು ಬೆರಳಿಟ್ಟು ಹಿಡಿದದ್ದನ್ನು ಕೂಡ ಬಿಡಲಿಲ್ಲ. ಅವಳು ನಡುವೆ ಮಾತಾಡದೆ ಪೂರ್ತಿ ಕೇಳಿದಳು. ಅವಳು ಹಾಗೆ ನನ್ನ ಮಾತನ್ನು ಪೂರ್ತಿ ಕೇಳಿದ್ದು ನೋಡಿ ನನಗೆ ಹೆದರಿಕೆ ಶುರುವಾಯಿತು.

"ಇದು ಕಾವ್ಯಂಗೆ ಅಂತ ನಾನು ಕತ್ತರಿಸಿದ್ದು. ಅಕ್ಕ ಮಾತಾಡಿದ್ದು ಎಲ್ಲಿ?"

ಎರಡೂ ಒಂದೇ ಎಂದುಕೊಂಡೆ, ಹೆಸರು ಒಂದೇ ಇತ್ತಲ್ಲ ಎಂದು ತೊದಲಿದೆ.

"ಡಬ್ಬಿ ಹೆಸರೂ ಒಂದೇ ಅಲ್ವಾ," ಎಂದಳು ವಿಶಾಲು. ಧ್ವನಿ ಏರಿಸಲಿಲ್ಲ. "ನಾನು ಯಾವತ್ತಾದ್ರೂ ಹಿಂದಿನ ಡಬ್ಬೀನ ಮುಂದಿನ ಡಬ್ಬಿಗೆ ಸುರಿದಿದ್ದೀನಾ?"

ಇಲ್ಲ. ಸುರಿದಿಲ್ಲ. ನಾನು ಅದಕ್ಕಿಂತ ಅನ್ಯಾಯ ಮಾಡಿದ್ದೆ. ಹಿಂದಿನದನ್ನು ಚೆಲ್ಲಿ ಅದರೊಳಕ್ಕೆ ಮುಂದಿನದನ್ನು ತುಂಬಿದ್ದೆ. ಅಕ್ಕನ ಮಾತೆಲ್ಲ ಹೋಗಿ ಅವರ ಅಳತೆಗಳು ಉಳಿದಿದ್ದವು. ಕಪ್ಪು ಪರದೆಯಲ್ಲಿ ಅಳಿಸಿದ್ದಕ್ಕೆ ಕಸದ ಬುಟ್ಟಿ ಇರುವುದಿಲ್ಲ, ಹೆಕ್ಕಿ ತೆಗೆಯುವಂತಿಲ್ಲ. ಡಿಸ್ಕಿನಲ್ಲಿ ಹುಡುಕಿದೆ: ನನ್ನ ಬ್ಯಾಕಪ್ಪು ಆ ಫೋಲ್ಡರನ್ನು ಮುಂಚೆ ಒಮ್ಮೆಯೂ ಒಳಗೆ ಸೇರಿಸಿಯೇ ಇರಲಿಲ್ಲ, ಬಿಟ್ಟು ಹೋಗು ಎಂದವನು ನಾನೇ. ಮೊದಲ ಸಲ ಸೇರಿಸಿದ್ದು ಅಕ್ಕನನ್ನು ಅಳಿಸಿದ ಮೇಲೆ. ರೆಕಾರ್ಡ್ ಮಾಡಿದ ಹಳೆಯ ಫೋನನ್ನು ಎಕ್ಸ್‌ಚೇಂಜಿನಲ್ಲಿ ಕೊಟ್ಟಾಗಿತ್ತು. ಕೊಡುವ ಮುಂಚೆ ಅದರಲ್ಲಿ ಇದ್ದದ್ದನ್ನೆಲ್ಲ ಶುದ್ಧವಾಗಿ ಒರೆಸಿ ಕೊಟ್ಟವನೂ ನಾನೇ, ಸುರಕ್ಷತೆಗೆ. ಲ್ಯಾಪ್‌ಟಾಪನ್ನು ಮಗುವಿನಂತೆ ಎದೆಗವಚಿಕೊಂಡು ಕಂಪ್ಯೂಟರ್ ರಿಪೇರಿಯವರೇ ತುಂಬಿರುವ ರಿಚ್ಚಿ ಸ್ಟ್ರೀಟಿಗೆ ಓಡಿದೆ. ಅಲ್ಲಿಯ ಅಂಗಡಿಯವನು ನನ್ನ ಕಥೆ ಕೇಳಿ, ಏನೇನೋ ತಂತಿ ಚುಚ್ಚಿ, ಎರಡು ದಿನ ಇಟ್ಟುಕೊಂಡು, "ಇದ್ಲ ಪೋನಾ ಪೋಚ್ಚು ಸಾರ್," ಎಂದ. ಇದರಲ್ಲಿ ಹೋದರೆ ಹೋಯಿತು, ಅಷ್ಟೇ. ಪಕ್ಕದ ಅಂಗಡಿಯವನೂ ಅದನ್ನೇ ಹೇಳಿದ. ವಾಪಸು ಬರುವಾಗ ಟ್ರೈನಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬೇರೆ ದಿನವಾಗಿದ್ದರೆ ಅದಕ್ಕೇ ಸಂತೋಷಪಡುತ್ತಿದ್ದೆ.

ವಿಶಾಲು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಿಕ್ಸಿ ಕೆಟ್ಟಾಗ ಎರಡು ದಿನ ಬೈದಿದ್ದಳು; ನಲ್ಲಿಗೂ ಬೈದಿದ್ದಳು. ಇದಕ್ಕೆ ಏನೂ ಅನ್ನಲಿಲ್ಲ. ಕಾಲಕಾಲಕ್ಕೆ ಊಟ ಬಡಿಸಿದಳು, ಸಾರು ಹಾಕಲೇ ಎಂದು ಕೇಳಿದಳು. ಅಡುಗೆ ಮುಗಿದ ಮೇಲೆ ಮಾತ್ರ ಎಲ್ಲಿ ಕೂರಬೇಕೋ ತಿಳಿಯದೆ ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು, ಆಮೇಲೆ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಅದನ್ನು ನೋಡುವುದು ನನಗೆ ಕಷ್ಟವಾಯಿತು. ಒಂದು ದಿನ ಅವಳೇ, ನಾನಾದರೂ ಅಕ್ಕನ ಮಾತು ಕತ್ತರಿಸುವುದಕ್ಕೆ ಯಾಕೆ ಹೋದೆನೋ, ಹುಡುಗಿಗೆ ಹರಟೆ ಯಾಕೆ ಅಂದುಕೊಂಡೆ, ಎಂದು ಗೊಣಗಿಕೊಂಡಳು. ಅವಳು ತನ್ನ ಮೇಲೆ ತಪ್ಪು ಹೊರಿಸಿಕೊಳ್ಳುವುದನ್ನು ಕೇಳಿ, ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತೇನೆ ಅನ್ನಿಸಿತು. ನಮ್ಮದು ಮೂರನೆಯ ಮಹಡಿ. ಇಳಿದರೆ ಕೆಳಗಿನ ಮನೆಯವರ ನಡುಮನೆ.

ಒಬ್ಬನೇ ಇದ್ದಾಗ ಉಳಿದ ರೆಕಾರ್ಡಿಂಗುಗಳಲ್ಲಿ ಒಂದನ್ನು ಹಾಕಿ ಕೇಳಿದೆ. "ತೊಗರಿಬೇಳೆ ಒಂದು ಪಾವು. ಸೊಪ್ಪು ಎರಡು ಕಟ್ಟು. ಬೇಯ್ಸು. ಬಸ್ಕೋ." ನಮ್ಮ ಸ್ಟೇಷನ್ನಿನಲ್ಲಿ ಟ್ರೈನು ಬರುವುದನ್ನು ಹೇಳುವ ಹೆಂಗಸಿನ ಹಾಗೆ. ಧ್ವನಿ ಅಕ್ಕನದೇ, ಆದರೆ ಅಕ್ಕ ಇಲ್ಲ. ಅವರು ಕಳಿಸಿದ ಪುಡಿ ತಿಂದೆ, ಅವರ ಮಾತನ್ನು ಯಾವತ್ತೂ ಕಿವಿಗೊಟ್ಟು ಕೇಳಿರಲಿಲ್ಲ. ಫೋನಿನಲ್ಲಿ ಅಷ್ಟು ವರ್ಷ ಅಕ್ಕತಂಗಿಯರು ಏನು ಮಾತಾಡಿದರು, ಏನಕ್ಕೆ ನಕ್ಕರು ಎಂದು ತಿಳಿಯುವ ಆಸೆ ನನಗೆ ಮೊದಲ ಸಲ ಹುಟ್ಟಿದ್ದು ಅದನ್ನು ಪೂರ್ತಿ ಅಳಿಸಿ ಮುಗಿಸಿದ ಮೇಲೆ.

ಮುಂದಿನ ವಾರ ಕಾವ್ಯ ಬಂದಳು. 'ದೊಡ್ಡಮ್ಮ' ಎನ್ನುವುದೊಂದನ್ನು ಮಾತ್ರ ಕನ್ನಡದಲ್ಲಿ ಉಳಿಸಿಕೊಂಡು ಉಳಿದದ್ದನ್ನೆಲ್ಲ ತಮಿಳಿನಲ್ಲಿ ಕೇಳಿದಳು. ಅವಳಿಗೆ ಬಸ್ಸಾರು ಕಲಿಯಬೇಕಾಗಿತ್ತು. ವಿಶಾಲು ಲ್ಯಾಪ್‌ಟಾಪು ಮುಟ್ಟಲು ಒಪ್ಪಲಿಲ್ಲ, ನೀನೇ ಹಾಕಿಕೋ ಎಂದು ಸೊಪ್ಪು ಬಿಡಿಸುತ್ತ ಕೂತಳು. ಕಾವ್ಯ ಒಂದನ್ನು ಹಾಕಿದಳು, ಎರಡನ್ನು ಹಾಕಿದಳು. "ದೊಡ್ಡಮ್ಮಾ ಇಪ್ಪಡಿ ಪೇಸಮಾಟ್ಟಾಂಗಳೇಮ್ಮಾ," ಎಂದಳು. ದೊಡ್ಡಮ್ಮ ಹೀಗೆ ಮಾತಾಡುವವರೇ ಅಲ್ಲವಲ್ಲಮ್ಮ ಎಂದು. ವಿಶಾಲು ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದಳು. ನಾನು ನಡುಮನೆಯಲ್ಲಿ ಪೇಪರಿನ ಹಿಂದೆ ಇದ್ದೆ. ಮೂರನೆಯದೂ ಮುಗಿಯಿತು. ಆಮೇಲೆ ಅಡುಗೆಮನೆಯಿಂದ ಇದ್ದಕ್ಕಿದ್ದಂತೆ ಅಕ್ಕ ಮಾತಾಡತೊಡಗಿದರು.

ನಿಜವಾದ ಅಕ್ಕ. ನಾಲ್ಕು ಎಂಬ ಫೈಲು. ಅದರಲ್ಲಿ ಬಸ್ಸಾರು ಶುರುವಾಗಿ ಮುಗಿದೇ ಇರಲಿಲ್ಲ. ಕತ್ತರಿಸಿ ಉಳಿಸಲು ಅಡುಗೆಯೇ ಇಲ್ಲದ್ದರಿಂದ ವಿಶಾಲು ಅದರ ಮುಂದಿನ ಡಬ್ಬಿ ಮಾಡಿರಲಿಲ್ಲ. ಹಾಗಾಗಿ ಅದರ ಮೇಲೆ ಬಂದು ಕೂರುವ ಇನ್ನೊಂದು ನಾಲ್ಕು ಇರಲಿಲ್ಲ. ನಾವು ಯಾರೂ ಅಲ್ಲಿವರೆಗೆ ನೋಡಿರಲಿಲ್ಲ. ಇನ್ನೇನಿದೆ ಎಂದು ನೋಡುವ ಮನಸ್ಸು ಅವಳಿಗಿರಲಿಲ್ಲ, ಧೈರ್ಯ ನನಗಿರಲಿಲ್ಲ. ನಾನು ಪೇಪರು ಬಿಸಾಡಿ ಅಡುಗೆಮನೆಗೆ ಹೋದೆ. ಅಕ್ಕ ಬೇಳೆಯ ವಿಷಯ ಹೇಳುತ್ತಿದ್ದರು. ಹಿಂದೆ ಎಲ್ಲೋ ಏನೋ ಧಡಾರನೆ ಬಿದ್ದ ಸದ್ದು.

"ಅದೇನೆ ಅದು ಸದ್ದು?" ಅಕ್ಕ ಕೇಳಿದರು.

"ಮಿಕ್ಸಿ. ಬಿಚ್ಕೊಂಡು ಕೂತವ್ರೆ ಇವ್ರು." ಇದು ವಿಶಾಲು, ನನ್ನ ಜೊತೆ ಆಡದ ಊರ ಮಾತಿನಲ್ಲಿ.

"ಕೆಟ್ಟೋಗಿತ್ತಾ?"

"ಇಲ್ಲ ಕಣಕ್ಕ. ಚೆನ್ನಾಗೇ ತಿರುಗ್ತಿತ್ತು. ಸರಿ ಮಾಡ್ತಾವ್ರಂತೆ."

ಅಕ್ಕ ನಗಲು ಶುರು ಮಾಡಿದರು. ಅಂಥ ನಗು. ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು, ಮತ್ತೆ ನಕ್ಕು, ಏದುಸಿರು ಬಿಡುತ್ತ ಹೇಳಿದರು: "ನಿನ್ನ ಸರಿ ಮಾಡಕ್ಕೆ ಮಾತ್ರ ಬಿಡಬ್ಯಾಡ ಕಣೆ ಅವ್ರನ್ನ."

ಇಬ್ಬರೂ ನಗುತ್ತಿರುವಾಗ ದೂರದಿಂದ ನನ್ನ ಧ್ವನಿ, ಬಹಳ ಗಂಭೀರವಾಗಿ, ಯಾರು ಫೋನಿನಲ್ಲಿ ಎಂದು ಕೇಳುತ್ತದೆ. ಅಕ್ಕ ರೀ, ಅಡುಗೆ ಹೇಳ್ತಿದ್ದಾರೆ ಎನ್ನುತ್ತಾಳೆ ವಿಶಾಲು. ಅಲ್ಲಿಗೆ ಮುಗಿಯಿತು. ಅಡುಗೆಮನೆಯಲ್ಲಿ ಕಾವ್ಯ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದಳು. ವಿಶಾಲು ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು ನಕ್ಕಳು, ಅಕ್ಕನ ಹಾಗೆಯೇ, ಕೆಮ್ಮು ಬರುವಷ್ಟು. ಆಮೇಲೆ ಅದೇ ಉಸಿರಿನಲ್ಲಿ ಸೆರಗು ಮುಖಕ್ಕೆ ಹಿಡಿದು ಅತ್ತಳು. ಅಕ್ಕ ಹೋದಾಗಲೂ ಅವಳು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅಷ್ಟು ವರ್ಷದ ಮಾತುಕತೆಯಲ್ಲಿ ನನ್ನ ಕೈಯಿಂದ ತಪ್ಪಿಸಿಕೊಂಡು ಉಳಿದದ್ದು ಇದೊಂದೇ, ಇದರಲ್ಲಿ ಅಕ್ಕ ನನ್ನನ್ನು ಕಂಡು ನಗುತ್ತಿದ್ದಾರೆ. ಆ ನಗುವಿಗೆ ನಾನು ಎಲ್ಲ ರೀತಿಯಲ್ಲಿಯೂ ಅರ್ಹ.

ಇದನ್ನು ಈಗಲೇ ಬ್ಯಾಕಪ್ ಮಾಡಬೇಕು ಎಂದು ನಾನು ಲ್ಯಾಪ್‌ಟಾಪಿಗೆ ಕೈ ಚಾಚಿದೆ. ವಿಶಾಲು ಅಳುತ್ತಿದ್ದವಳು ತಟ್ಟನೆ ಅದನ್ನು ತನ್ನ ಕಡೆ ಎಳೆದುಕೊಂಡಳು. "ನೀವು ಮುಟ್ಬೇಡಿ," ಎಂದಳು. ತಾಯಿ ಮಗಳು ಸೇರಿ ಅವರಿಗೆ ತಿಳಿದ ರೀತಿಯಲ್ಲಿ ಅದನ್ನು ಎಲ್ಲೆಲ್ಲೋ ಇಟ್ಟುಕೊಂಡರು. ಈಗ ಆ ಜಾಗದಲ್ಲಿ ಮತ್ತೆ ಬಸ್ಸಾರು, ಬಸ್ಸಾರು ಎಂದು ಎರಡು ಫೋಲ್ಡರ್ ಇವೆ. ನನ್ನ ಬ್ಯಾಕಪ್ಪು ಮತ್ತೆ ಅಲ್ಲಿಗೆ ಬಂದು ನಿಲ್ಲುತ್ತದೆ, ಹೆಸರಿನಲ್ಲಿ ಸಲ್ಲದ ಅಕ್ಷರ ಇದೆ, ಏನು ಮಾಡಲಿ ಎಂದು ಕೇಳುತ್ತದೆ. ನಾನು ಏನೂ ಮಾಡುವುದಿಲ್ಲ.

ಅಡುಗೆ ಮುಗಿದ ಮೇಲೆ ವಿಶಾಲು ಈಗಲೂ ಅದೇ ಹೊತ್ತಿಗೆ ಕೂರುತ್ತಾಳೆ, ಇಯರ್‌ಫೋನ್ ಬಿಟ್ಟಿದ್ದಾಳೆ. ಇರುವುದು ಒಂದೇ ಮಾತುಕತೆ, ಅದನ್ನೇ ಹಾಕುತ್ತಾಳೆ. ಮೊನ್ನೆ ಹೊಸ ಮಿಕ್ಸಿ ಯಾಕೋ ಸ್ವಲ್ಪ ಜಾಸ್ತಿ ಸದ್ದು ಮಾಡುತ್ತಿದೆ ಅನ್ನಿಸಿತು. ಡ್ರಾಯರು ತೆರೆದು, ಹಳೆಯ ಸ್ಕ್ರೂಗಳನ್ನು ಸರಿಸಿ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ನಡುಮನೆಯಿಂದ ಅಕ್ಕ ಕೇಳಿದರು, ಕೆಟ್ಟೋಗಿತ್ತಾ ಎಂದು. ಇಲ್ಲ ಅಕ್ಕ ಎಂದು ಸ್ಕ್ರೂಡ್ರೈವರನ್ನು ಇದ್ದಲ್ಲೇ ಇಟ್ಟೆ.